ನೂರು ಮೀಟರಿಗೆ ಒಂದು ಚೌಕ

ರಸ್ತೆ ಕಟ್ಟುವವರ ಸೈಟ್ ಆಫೀಸಿಗೆ ಹೋದವರು ಗೋಡೆಯ ಮೇಲೆ ಉದ್ದನೆಯ ಒಂದು ಪಟ್ಟಿಯನ್ನು ನೋಡಿರುತ್ತಾರೆ. ಅದರ ಹೆಸರು ಸ್ಟ್ರಿಪ್ ಚಾರ್ಟ್. ನೆಲದ ಮೇಲೆ ರಸ್ತೆ ಎಷ್ಟೇ ತಿರುವು ಹಾಕಲಿ, ಕೆರೆ ಬಳಸಲಿ, ಗುಡ್ಡ ಸೀಳಲಿ, ಚಾರ್ಟಿನಲ್ಲಿ ಅದು ಒಂದೇ ನೇರ. ಎಡದಿಂದ ಬಲಕ್ಕೆ ದೂರ ಓದಬೇಕು, ಕೆಳಗಿನಿಂದ ಮೇಲಕ್ಕೆ ಪದರ ಓದಬೇಕು: ಮಣ್ಣಿನ ಏರಿ, ಸಬ್‌ಗ್ರೇಡ್, ಜಲ್ಲಿಯ ಪದರಗಳಾದ ಜಿಎಸ್‌ಬಿ ಮತ್ತು ಡಬ್ಲ್ಯೂಎಂಎಂ, ಕೊನೆಗೆ ಡಾಂಬರಿನ ಎರಡು ಪದರ ಡಿಬಿಎಂ ಮತ್ತು ಬಿಸಿ. ನಾಲ್ಕು ಪಥದ ರಸ್ತೆಯಾದರೆ ಇಷ್ಟೂ ಸಾಲುಗಳು ಎಡಬದಿಗೆ ಒಂದು ಸಲ, ಬಲಬದಿಗೆ ಇನ್ನೊಂದು ಸಲ. ಕೆಲಸ ಮುಗಿದಷ್ಟು ಉದ್ದಕ್ಕೆ ಬಣ್ಣ ತುಂಬುತ್ತಾರೆ. ಮೋರಿ, ಸೇತುವೆ, ಅಂಡರ್‌ಪಾಸ್‌ಗಳಿಗೆ ಬೇರೆ ಬೇರೆ ಆಕಾರ. ತಿಂಗಳ ಮೀಟಿಂಗಿನಲ್ಲಿ ಎಲ್ಲರ ಕಣ್ಣೂ ಇದರ ಮೇಲೆ. ಬಣ್ಣ ಎಲ್ಲಿ ನಿಂತಿದೆಯೋ ಅಲ್ಲಿ ಜಮೀನಿನ ತಕರಾರೋ, ಕಿತ್ತು ಹಾಕದ ಕರೆಂಟ್ ಕಂಬವೋ, ಬಾರದ ಜಲ್ಲಿಯೋ ಇದೆ ಅಂತ ಅರ್ಥ.

ಈ ಚಾರ್ಟನ್ನು ನಾನು ಮೊದಲು ಶಾಯಿಯಲ್ಲಿ ಎಳೆದೆ, ಆಮೇಲೆ ಎಕ್ಸೆಲ್‌ನಲ್ಲಿ ಜೋಡಿಸಿದೆ. ಆಗಿನದು ಚೆಂದ, ಈಗಿನದು ಕೆಟ್ಟಿತು ಅನ್ನುವ ಮಾತು ನನ್ನಿಂದ ಬರುವುದಿಲ್ಲ. ಎರಡೂ ಕಾಲಕ್ಕೆ ಸಲ್ಲುವ ಒಂದು ಸಂಗತಿಯನ್ನಷ್ಟೇ ಹೇಳಬೇಕಿದೆ: ಚಾರ್ಟಿನಲ್ಲಿ ಒಂದು ಆಕಾರ ಕೂತ ಜಾಗವೇ ಅದು ಕೊಡುವ ಮಾಹಿತಿ. ಒಂದು ಚೌಕ ಆಚೆ ಕೂತರೆ ಮೋರಿ ನೂರು ಮೀಟರ್ ಆಚೆ ಇದೆ ಎಂದು ಬರೆದುಕೊಟ್ಟಂತೆ. ಅಚ್ಚುಕಟ್ಟು ಬೇಕಾಗುವುದು ಇದಕ್ಕೆ. ಕಣ್ಣಿಗೆ ಹಿತ ಎಂಬುದು ಆಮೇಲಿನ ಮಾತು.

ಐಟಿಐನಲ್ಲಿ ಸಿವಿಲ್ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿ, ಎಂಬತ್ತರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಕಚೇರಿಯಲ್ಲಿ ಟ್ರೇಸರ್ ಆಗಿ ಸೇರಿದೆ. ಟ್ರೇಸರ್ ಅಂದರೆ ಬೇರೆಯವರು ಪೆನ್ಸಿಲಿನಲ್ಲಿ ಮಾಡಿದ್ದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಶಾಯಿಯಲ್ಲಿ ಎಳೆಯುವವನು. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರ್, ಸೆಟ್‌ಸ್ಕ್ವೇರ್, 0.2, 0.3, 0.5ರ ರಾಟ್ರಿಂಗ್ ಪೆನ್ನುಗಳು, ಅಕ್ಷರಕ್ಕೂ ಗುರುತಿಗೂ ಸ್ಟೆನ್ಸಿಲ್‌ಗಳು, ತಪ್ಪಿದ್ದನ್ನು ಕೆರೆಯಲು ಅರ್ಧ ಮುರಿದ ಬ್ಲೇಡು. ಚಾರ್ಟಿನ ಅಳತೆ ನೂರು ಮೀಟರಿಗೆ 5 ಮಿಲಿಮೀಟರ್. ಅಂದರೆ 50 ಕಿಲೋಮೀಟರ್ ರಸ್ತೆಗೆ ಎರಡೂವರೆ ಮೀಟರ್ ಉದ್ದದ ಹಾಳೆ. ಕೆಳಗೆ ಮಿಲಿಮೀಟರ್ ಗ್ರಾಫ್ ಹಾಳೆ ಹಾಸಿಕೊಂಡರೆ ಟ್ರೇಸಿಂಗಿನ ಮೂಲಕ ಅದರ ಗೆರೆಗಳು ಕಾಣುತ್ತವೆ. 12+340ರಲ್ಲಿ, ಅಂದರೆ 12 ಕಿಲೋಮೀಟರ್ ದಾಟಿ 340 ಮೀಟರಿಗೆ ಒಂದು ಪೈಪ್ ಮೋರಿ ಇದ್ದರೆ, 12+300ರ ಗೆರೆಯಿಂದ ಸರಿಯಾಗಿ 2 ಮಿಲಿಮೀಟರ್ ಬಿಟ್ಟು ಸ್ಟೆನ್ಸಿಲಿನ ವೃತ್ತ ಕೂರಬೇಕು. ಇದರಲ್ಲಿ ಕೈಚಳಕವೇನೂ ಇಲ್ಲ. ಕಣ್ಣು ಮತ್ತು ತಾಳ್ಮೆ ಇದ್ದರೆ ಸಾಕು.

ನಮಗೆ ಕೆಲಸ ಕಲಿಸಿದ ಹಿರಿಯರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದೆವು. ಮಳೆಗಾಲದಲ್ಲಿ ಟ್ರೇಸಿಂಗ್ ಹಾಳೆ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎರಡೂವರೆ ಮೀಟರಿನ ಉದ್ದದಲ್ಲಿ ಇದು ಸ್ಕೇಲ್ ಇಟ್ಟರೆ ಗೊತ್ತಾಗುವಷ್ಟು ವ್ಯತ್ಯಾಸ. ಅದಕ್ಕೆ ಅವರು ಹೇಳುತ್ತಿದ್ದರು, “ಒಂದಕ್ಕ ಇಪ್ಪತ್ತ ಸಾವಿರ ಅಂತ ಅಂಕಿ ಬರದ್ರ ಸಾಲಂಗಿಲ್ಲ, ಸ್ಕೇಲಿನ ಪಟ್ಟೀನ ಎಳೀರಿ. ಹಾಳಿ ಹಿಗ್ಗಿದ್ರ ಪಟ್ಟೀನೂ ಹಿಗ್ಗತೈತಿ.” ಅಳತೆ ಹಾಳೆಯ ಜೊತೆಗೇ ಹಿಗ್ಗಿ ಕುಗ್ಗಬೇಕು ಎಂಬ ಈ ಮಾತು ಹದಿನೈದು ವರ್ಷ ಕಳೆದ ಮೇಲೆ ಕಂಪ್ಯೂಟರಿನ ಮುಂದೆ ಕೂತಾಗ ನನಗೆ ಹೊಸದಾಗಿ ಅರ್ಥವಾಯಿತು. ಆ ಮಾತಿಗೆ ಮುಂದೆ ಬರುತ್ತೇನೆ.

ಆ ಕೆಲಸದ ಕಷ್ಟಗಳನ್ನೂ ಹೇಳಿಬಿಡಬೇಕು. ಮೋರಿಯ ಜಾಗ ಬದಲಾಯಿತೆಂದು ಒಂದೇ ಕಡೆ ಎರಡು ಮೂರು ಸಲ ಕೆರೆದರೆ ಹಾಳೆ ತೂತು ಬೀಳುತ್ತಿತ್ತು. ತೂತು ಬಿದ್ದರೆ ಇಡೀ ಹಾಳೆಯನ್ನು ಮತ್ತೆ ಟ್ರೇಸ್ ಮಾಡಬೇಕು. ಪ್ರಿಂಟ್ ತೆಗೆಯುವ ಕೋಣೆಯಲ್ಲಿ ಅಮೋನಿಯಾದ ಘಾಟಿಗೆ ಕಣ್ಣು ಉರಿಯುತ್ತಿತ್ತು, ಗಂಟಲು ಕಟ್ಟುತ್ತಿತ್ತು. ಹಾಗೆ ತೆಗೆದ ಪ್ರಿಂಟನ್ನು ಬಿಸಿಲು ಬೀಳುವ ಗೋಡೆಗೆ ಹಚ್ಚಿದರೆ ಗೆರೆಗಳು ಮಾಸಿ ಹೋಗುತ್ತಿದ್ದವು. ದಿನವಿಡೀ ಬೋರ್ಡಿನ ಮೇಲೆ ಬಗ್ಗಿ ಮಾಸ್ತರ ಬೆನ್ನು ಬಾಗಿತ್ತು. ಅವರ ಅಕ್ಷರ ನೋಡಲು ಬಹಳ ಚೆಂದವಿತ್ತು ನಿಜ. ಅದು ಹೋಯಿತೆಂದು ನಾನು ದುಃಖಪಡುವುದಿಲ್ಲ. ಆ ಬೆನ್ನಿನ ಬೆಲೆಗೆ ಆ ಅಕ್ಷರ ಯಾರಿಗೂ ಬೇಡ.

2001ರ ಹೊತ್ತಿಗೆ ನಮ್ಮ ಭಾಗದಲ್ಲಿ ಚತುಷ್ಪಥದ ಕೆಲಸ ಶುರುವಾಯಿತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ ಸುವರ್ಣ ಚತುಷ್ಪಥದ ಒಟ್ಟು ಉದ್ದ 5,846 ಕಿಲೋಮೀಟರ್. ಅದರ ಮುಂಬೈ–ಚೆನ್ನೈ ತೋಳು 1,290 ಕಿಲೋಮೀಟರ್. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು ಎಲ್ಲವೂ ಈ ತೋಳಿನ ಮೇಲೆಯೇ. ಆಗ ಅದು ರಾಷ್ಟ್ರೀಯ ಹೆದ್ದಾರಿ 4, 2010ರ ಮರುಸಂಖ್ಯೆಯಲ್ಲಿ 48 ಆಯಿತು. ಹಾವೇರಿ ಕಡೆಯ ಒಬ್ಬ ಗುತ್ತಿಗೆದಾರರ ಸೈಟ್ ಆಫೀಸಿಗೆ ನಾನು ಹೋದೆ. ಅಲ್ಲಿ ಬೋರ್ಡು ಇರಲಿಲ್ಲ. ಎರಡು ಕಂಪ್ಯೂಟರ್ ಇದ್ದವು. ನಕ್ಷೆಗಳಿಗೆ ಆಟೋಕ್ಯಾಡ್, ಉಳಿದ ಎಲ್ಲಕ್ಕೂ ಎಕ್ಸೆಲ್. ಸ್ಟ್ರಿಪ್ ಚಾರ್ಟ್ ನಕ್ಷೆಯಾದರೂ ಅದು ಎಕ್ಸೆಲ್ ಪಾಲಿಗೆ ಬಂತು. ಕಾರಣ ಸರಳ: ದಿನದಿನದ ಕೆಲಸದ ಅಂಕಿಗಳು ಅಲ್ಲೇ ಇದ್ದವು, ಮೇಲ್ವಿಚಾರಣೆಯ ಕನ್ಸಲ್ಟೆಂಟರಿಂದ ಹಿಡಿದು ಬಿಲ್ ಗುಮಾಸ್ತನವರೆಗೆ ಎಲ್ಲರಿಗೂ ಅದನ್ನು ತೆರೆಯಲು ಬರುತ್ತಿತ್ತು.

ಒಂದು ಕಾಲಂ ಅಂದರೆ ನೂರು ಮೀಟರ್ ಎಂದು ಮೊದಲ ದಿನವೇ ನಿಶ್ಚಯವಾಯಿತು. ಆಗಿನ ಎಕ್ಸೆಲ್‌ನಲ್ಲಿ ಒಂದು ಹಾಳೆಗೆ 256 ಕಾಲಂ ಮಾತ್ರ. ಎಡಕ್ಕೆ ಪದರದ ಹೆಸರು, ಬದಿ, ಒಟ್ಟು ಉದ್ದಕ್ಕೆಂದು ಕೆಲವು ಕಾಲಂ ಹೋದರೆ ಉಳಿಯುವುದು 25 ಕಿಲೋಮೀಟರಿನಷ್ಟು ಜಾಗ. ಹಾಗಾಗಿ ನಮ್ಮ ರಸ್ತೆ ಎರಡು ಹಾಳೆಗಳಲ್ಲಿ ತುಂಡಾಗಿತ್ತು. ಗೋಡೆಗೆ ಹಚ್ಚುವಾಗ ಎ3 ಪ್ರಿಂಟುಗಳನ್ನು ಅಂಟಿಸಿ ಸೇರಿಸುತ್ತಿದ್ದೆವು. 2007ರ ಎಕ್ಸೆಲ್ ಬಂದಾಗ ಕಾಲಂಗಳು 16,384ಕ್ಕೆ ಏರಿದವು. ಮುಂಬೈಯಿಂದ ಚೆನ್ನೈವರೆಗಿನ ಇಡೀ ತೋಳನ್ನೇ ನೂರು ಮೀಟರಿಗೊಂದರಂತೆ ಒಂದೇ ಹಾಳೆಯಲ್ಲಿ ಹಾಸಿದರೂ 12,900 ಕಾಲಂ ಸಾಕು. ಆ ಸುದ್ದಿ ಕೇಳಿ ನನಗಾದಷ್ಟು ಸಂತೋಷ ಬಹುಶಃ ಬೇರೆ ಇಲಾಖೆಯವರಿಗೆ ಆಗಿರಲಿಕ್ಕಿಲ್ಲ.

ಚೌಕವನ್ನು ನಿಜವಾದ ಚೌಕ ಮಾಡುವುದೇ ಮೊದಲ ಕೆಲಸ. ಎಕ್ಸೆಲ್‌ನಲ್ಲಿ ಸಾಲಿನ ಎತ್ತರವನ್ನು ಪಾಯಿಂಟಿನಲ್ಲಿ ಅಳೆಯುತ್ತಾರೆ, 72 ಪಾಯಿಂಟಿಗೆ ಒಂದು ಇಂಚು. ಕಾಲಂ ಅಗಲವನ್ನು ಅಳೆಯುವುದು ಅಕ್ಷರಗಳ ಲೆಕ್ಕದಲ್ಲಿ. ಕ್ಯಾಲಿಬ್ರಿ 11ರ ಹಾಳೆಯಲ್ಲಿ ಸಾಲು 15 ಪಾಯಿಂಟ್ ಇದ್ದರೆ 20 ಪಿಕ್ಸೆಲ್. ಕಾಲಂ ಅಷ್ಟೇ ಅಗಲ ಆಗಬೇಕಾದರೆ 2.14 ಎಂದು ಕೊಡಬೇಕು. ಒಂದೇ ಉದ್ದಕ್ಕೆ ಎರಡು ಅಂಕಿ. ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಬೇರೆ ಇದೆ. ಕಾಲಂ ಅಗಲ ನಿಂತಿರುವುದು ಆ ಫೈಲಿನ ‘ನಾರ್ಮಲ್’ ಸ್ಟೈಲಿನ ಅಕ್ಷರದ ಮೇಲೆ. ಒಮ್ಮೆ ಕನ್ನಡದಲ್ಲಿ ವರದಿ ಬೇಕೆಂದು ಯಾರೋ ಆ ಸ್ಟೈಲನ್ನೇ ನುಡಿ ಅಕ್ಷರಕ್ಕೆ ಬದಲಿಸಿದರು. ಎಲ್ಲ ಕಾಲಂಗಳೂ ಒಂದೇ ಏಟಿಗೆ ಅಗಲ ಬದಲಿಸಿಕೊಂಡವು. ಚೌಕದೊಂದಿಗೆ ಸರಿಯಬೇಕು ಎಂದು ಹೇಳಿಟ್ಟ ಆಕಾರಗಳು ಜಾಗ ಬಿಡಲಿಲ್ಲ. ಹಾಗೆ ಹೇಳಿರದವು ಇದ್ದಲ್ಲೇ ಉಳಿದು, ಕೆಳಗಿನ ರಸ್ತೆ ಮಾತ್ರ ಸರಿದುಹೋಯಿತು. ಮಾಸ್ತರ ಸ್ಕೇಲಿನ ಪಟ್ಟಿ ನೆನಪಾದದ್ದು ಆಗ.

ಹೊಸಬರಿಗೆ ತಿಳಿಯದೇ ಇರುವ ಮುಖ್ಯ ಸಂಗತಿ ಇದು. ಎಕ್ಸೆಲ್‌ನಲ್ಲಿ ಹಾಕಿದ ಆಕಾರವಾಗಲಿ ಫೋಟೋ ಆಗಲಿ ಚೌಕದ ಒಳಗೆ ಇರುವುದಿಲ್ಲ. ಗ್ರಾಫ್ ಹಾಳೆಯ ಮೇಲೆ ಗಾಜು ಹಾಸಿ, ಗಾಜಿನ ಮೇಲೆ ಬಿಲ್ಲೆ ಇಟ್ಟಂತೆ, ಅದು ಚೌಕಗಳ ಮೇಲಿನ ಬೇರೆ ಪದರದಲ್ಲಿ ಇರುತ್ತದೆ. ಅದಕ್ಕೂ ಕೆಳಗಿನ ಚೌಕಕ್ಕೂ ಏನು ಸಂಬಂಧ ಎಂಬುದನ್ನು ನಾವೇ ಹೇಳಬೇಕು. ಪ್ರಾಪರ್ಟೀಸ್‌ನಲ್ಲಿ ಮೂರು ಆಯ್ಕೆಗಳಿವೆ: ಚೌಕದ ಜೊತೆ ಸರಿದು ಅದರ ಜೊತೆಗೇ ಹಿಗ್ಗಿ ಕುಗ್ಗುವುದು, ಸರಿದರೂ ಅಳತೆ ಬಿಡದಿರುವುದು, ಎರಡೂ ಇಲ್ಲದೆ ಇದ್ದಲ್ಲೇ ಇರುವುದು. ರಸ್ತೆಯ ಉದ್ದವನ್ನು ತೋರಿಸುವ ಬಣ್ಣದ ಪಟ್ಟಿಗೆ ಮೊದಲನೆಯದು ಬೇಕು. ಮೋರಿಯ ಗುರುತಿಗೆ ಎರಡನೆಯದು ಸರಿ, ಏಕೆಂದರೆ ಕಾಲಂ ಅಗಲವಾದರೆ ವೃತ್ತ ಮೊಟ್ಟೆಯಾಗಬಾರದು. ಮೂರನೆಯದು ಮೂಲೆಯ ಲಾಂಛನಕ್ಕೆ ಮಾತ್ರ. ಈ ಮೂರನ್ನು ಸರಿಯಾಗಿ ಹಂಚದಿದ್ದರೆ ಎಷ್ಟು ಹೊತ್ತು ಕೂತು ಜೋಡಿಸಿದರೂ ಆ ಜೋಡಣೆ ನಾಳೆಯವರೆಗೆ ನಿಲ್ಲುವುದಿಲ್ಲ.

ಆಲ್ಟ್ ಕೀ ಒತ್ತಿಹಿಡಿದು ಎಳೆದರೆ ಆಕಾರ ಚೌಕದ ಗೆರೆಗೇ ಹೋಗಿ ಕಚ್ಚಿಕೊಳ್ಳುತ್ತದೆ. ಶಿಫ್ಟ್ ಒತ್ತಿ ಎಳೆದರೆ ನೇರಕ್ಕೆ ಸರಿಯುತ್ತದೆ, ಕಂಟ್ರೋಲ್ ಒತ್ತಿ ಎಳೆದರೆ ಪ್ರತಿ ಸಿಗುತ್ತದೆ. ಅಲೈನ್‌ನಲ್ಲಿ ಎಲ್ಲವನ್ನೂ ಒಂದೇ ಮೇಲಂಚಿಗೆ ತರಬಹುದು. ಡಿಸ್ಟ್ರಿಬ್ಯೂಟ್ ಒತ್ತಿದರೆ ಎರಡು ತುದಿಯ ಆಕಾರಗಳು ಇದ್ದಲ್ಲೇ ಇದ್ದು ನಡುವಿನವು ಸಮ ಅಂತರಕ್ಕೆ ಹಂಚಿಕೊಳ್ಳುತ್ತವೆ. ಈ ಕೊನೆಯದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗನೊಬ್ಬ ಒಂದು ಸಂಜೆ ಎಲ್ಲ ಮೋರಿಗಳನ್ನೂ ಒಟ್ಟಿಗೆ ಹಿಡಿದು ಡಿಸ್ಟ್ರಿಬ್ಯೂಟ್ ಒತ್ತಿ, ಚಾರ್ಟ್ ಎಷ್ಟು ಚೆಂದವಾಯಿತು ನೋಡಿ ಸರ್ ಅಂದ. ನೋಡಲು ಚೆಂದವೇ ಇತ್ತು. “ಹಳ್ಳ ಎಲ್ಲಾ ಸಮದೂರಕ್ಕ ಹರೀತಾವೇನೋ ತಮ್ಮಾ?” ಎಂದು ಕೇಳಿದೆ. ಅವನಿಗೆ ತಕ್ಷಣ ತಿಳಿಯಿತು. ಕಂಟ್ರೋಲ್ ಝಡ್ ಒತ್ತಿದ. ಮುಂದೆ ನಮ್ಮಲ್ಲಿ ಎಲ್ಲರಿಗಿಂತ ಖಚಿತವಾಗಿ ಚಾರ್ಟ್ ಮಾಡಿದವನು ಅವನೇ. ಡಿಸ್ಟ್ರಿಬ್ಯೂಟ್ ಬೇಕಾಗುವುದು ಕೆಳಗಿನ ಗುರುತುಗಳ ವಿವರಣೆಯ ಸಾಲಿಗೆ, ಫೋಟೋ ಪುಟಕ್ಕೆ. ನೆಲದ ಮೇಲೆ ಜಾಗವಿರುವ ಯಾವ ವಸ್ತುವಿಗೂ ಅದು ಸಲ್ಲ.

ಫೋಟೋ ಪುಟದ ಕಥೆ ಇನ್ನೂ ಉದ್ದ. ಮೊದಲು ಸೈಟಿನಲ್ಲಿ 36 ಚಿತ್ರಗಳ ರೋಲ್ ಹಾಕಿದ ಕ್ಯಾಮೆರಾ ಇರುತ್ತಿತ್ತು. ಮೋರಿಯ ಬುನಾದಿಯ ಮುಂದೆ ಒಬ್ಬ ಹುಡುಗ ಸ್ಲೇಟ್ ಹಿಡಿದು ನಿಲ್ಲುತ್ತಿದ್ದ. ಸ್ಲೇಟಿನಲ್ಲಿ ಚೈನೇಜು (12+340ರಂಥ ದೂರದ ಅಂಕಿ), ಬದಿ, ತಾರೀಖು. ರೋಲ್ ಮುಗಿದ ಮೇಲೆ ಊರಿನ ಸ್ಟುಡಿಯೋಕ್ಕೆ ಕಳಿಸಿ, ಪ್ರಿಂಟ್ ಬಂದ ಮೇಲೆ ಆಲ್ಬಮ್ಮಿಗೆ ಅಂಟಿಸಿ ಕೆಳಗೆ ಪೆನ್ನಿನಲ್ಲಿ ಬರೆಯುತ್ತಿದ್ದೆವು. ರೋಲ್ ತೊಳೆದು ಬರುವಷ್ಟರಲ್ಲಿ ಬುನಾದಿಯ ಮೇಲೆ ಕಾಂಕ್ರೀಟ್ ಬಿದ್ದಿರುತ್ತಿತ್ತು. ಚಿತ್ರ ಸರಿಯಾಗಿ ಬಂದಿಲ್ಲವೆಂದರೆ ಮತ್ತೆ ತೆಗೆಯುವಂತಿರಲಿಲ್ಲ. ಆದರೂ ಸ್ಲೇಟ್ ಚಿತ್ರದ ಒಳಗೇ ಇದ್ದುದರಿಂದ, ಆಲ್ಬಮ್ ಕಿತ್ತು ಚೆಲ್ಲಾಪಿಲ್ಲಿಯಾದರೂ ಯಾವ ಫೋಟೋ ಯಾವ ಜಾಗದ್ದು ಎಂದು ಹೇಳಬಹುದಿತ್ತು.

ಈಗ ಫೋಟೋ ಫೋನಿನಿಂದ ಬರುತ್ತದೆ. ಜಾಗದ ಅಕ್ಷಾಂಶ ರೇಖಾಂಶಗಳು ಫೈಲಿನ ಒಳಗೇ ಸೇರಿರುತ್ತವೆ. ಅದನ್ನು ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಆ ವಿವರ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಚಿತ್ರದ ಮೇಲೇ ಅಂಕಿಗಳನ್ನು ಅಚ್ಚೊತ್ತುವ ಆ್ಯಪ್‌ಗಳಿವೆ, ಅವು ಹಳೆಯ ಸ್ಲೇಟಿನ ಕೆಲಸವನ್ನೇ ಮಾಡುತ್ತವೆ. ನಾನು ಅವನ್ನು ಮೆಚ್ಚುತ್ತೇನೆ. ಎಕ್ಸೆಲ್ ಪುಟದಲ್ಲಿ ಎ4ಗೆ ಆರು ಫೋಟೋ ಕೂರಿಸುವುದು ನಮ್ಮ ವಾಡಿಕೆ. ಅಡ್ಡ ಫೋಟೋಗೂ ಉದ್ದ ಫೋಟೋಗೂ ಒಂದೇ ಚೌಕಟ್ಟು. ಅನುಪಾತದ ಬೀಗ ತೆಗೆದು ಎಳೆದರೆ ಎಲ್ಲವೂ ಸಮನಾಗಿ ಕೂರುತ್ತವೆ, ಆದರೆ ರೋಲರಿನ ಚಕ್ರ ದುಂಡಗಿರುವುದಿಲ್ಲ, ಏರಿಯ ಇಳಿಜಾರು ನಿಜಕ್ಕಿಂತ ಕಡಿದಾಗಿ ಕಾಣುತ್ತದೆ. ಇಳಿಜಾರು ಎಷ್ಟಿರಬೇಕು ಎಂಬುದೇ ತಕರಾರಿನ ವಿಷಯವಾದಾಗ ಹಿಗ್ಗಿಸಿದ ಫೋಟೋ ಸುಳ್ಳು ಸಾಕ್ಷಿ. ಹಾಗಾಗಿ ಕತ್ತರಿಸಬೇಕು, ಹಿಗ್ಗಿಸಬಾರದು. ಕತ್ತರಿಸುವಾಗ ಸ್ಲೇಟಿನ ಭಾಗ ಉಳಿಸಿಕೊಳ್ಳಬೇಕು. ಕೊನೆಗೆ ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ 150 ಪಿಪಿಐಗೆ ಇಳಿಸಿದರೆ ಫೈಲ್ ಮೇಲ್‌ನಲ್ಲಿ ಹೋಗುವಷ್ಟು ಹಗುರವಾಗುತ್ತದೆ. ಮೂಲ ಫೋಟೋಗಳು ಬೇರೆ ಫೋಲ್ಡರಿನಲ್ಲಿ ಇರಲೇಬೇಕು.

ಫೋಟೋಗಳ ಪಟ್ಟಿಯನ್ನು ಫಿಲ್ಟರ್ ಮಾಡಿದರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುವುದು ಬಹಳ ವರ್ಷಗಳ ಕಾಟವಾಗಿತ್ತು. ಚೌಕದ ಜೊತೆ ಕುಗ್ಗುವಂತೆ ಮಾಡಿದ್ದರೆ ಮಾತ್ರ ಸಾಲಿನೊಂದಿಗೆ ಮರೆಯಾಗುತ್ತಿದ್ದವು. 2023ರ ಹೊತ್ತಿಗೆ ಎಕ್ಸೆಲ್‌ನಲ್ಲಿ ಚಿತ್ರವನ್ನು ಚೌಕದ ಒಳಗೇ ಇಡುವ ಸೌಲಭ್ಯ ಬಂತು. ಗೂಗಲ್ ಶೀಟ್ಸ್‌ನಲ್ಲಿ ಅದಕ್ಕೂ ಮೊದಲೇ ಇತ್ತು. ಹಾಗೆ ಇಟ್ಟ ಚಿತ್ರ ಒಂದು ಅಂಕಿಯ ಹಾಗೆ ವರ್ತಿಸುತ್ತದೆ, ವಿಂಗಡಿಸಿದರೆ ಸಾಲಿನ ಜೊತೆ ಹೋಗುತ್ತದೆ. ಫೋಟೋ ಪಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಜಪಾನಿನ ತತ್ಸುವೊ ಹೊರಿಯುಚಿ ಎಂಬ ಕಲಾವಿದರು ನಿವೃತ್ತಿಯ ವಯಸ್ಸಿನಲ್ಲಿ ಎಕ್ಸೆಲ್ ಹಿಡಿದು, ಅದರ ಆಟೋಶೇಪ್‌ಗಳಿಂದಲೇ ಚೆರ್ರಿ ಹೂಗಳ, ಬೆಟ್ಟಗಳ ಭೂದೃಶ್ಯ ಬಿಡಿಸಿ 2006ರಲ್ಲಿ ಆಟೋಶೇಪ್ ಕಲಾ ಸ್ಪರ್ಧೆ ಗೆದ್ದರು. ಅವರ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದ್ದೇನೆ. ಒಂದೊಂದು ಎಲೆಯೂ ಒಂದೊಂದು ಆಕಾರ. ನಮ್ಮಂಥವರು ಯಾವ ಪದರವನ್ನು ಚೌಕಕ್ಕೆ ಕಟ್ಟಿಹಾಕಲು ಹೆಣಗುತ್ತೇವೆಯೋ ಅದೇ ಪದರದಲ್ಲಿ ಅವರು ಚೌಕದ ಹಂಗಿಲ್ಲದೆ ಕೆಲಸ ಮಾಡಿದ್ದಾರೆ. ಬಿಡುವಿನ ವೇಳೆ ಹುಡುಗರಿಗೆ ಅವನ್ನು ತೋರಿಸುತ್ತಿದ್ದೆ. ಸಾಧನದ ಬಗ್ಗೆ ಗೌರವ ಹುಟ್ಟಿಸಲು ಅದು ಒಳ್ಳೆಯ ದಾರಿ.

ಹಳೆಯ ಪದ್ಧತಿಯಿಂದ ಒಂದನ್ನು ಮಾತ್ರ ನಾನು ಬಿಡದೆ ತಂದೆ. ಡ್ರಾಯಿಂಗ್ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಟೈಟಲ್ ಬ್ಲಾಕ್ ಇರುತ್ತದೆ: ಎಳೆದವರು, ಪರಿಶೀಲಿಸಿದವರು, ಒಪ್ಪಿದವರು, ತಾರೀಖು, ಎಷ್ಟನೆಯ ತಿದ್ದುಪಡಿ. ಸಹಿ ಇಲ್ಲದ ಹಾಳೆ ಕಚೇರಿಯ ಹೊರಗೆ ಹೋಗುತ್ತಿರಲಿಲ್ಲ. ಎಕ್ಸೆಲ್ ಹಾಳೆಗಳಿಗೆ ಇಂಥ ನಿಯಮವನ್ನು ಯಾರೂ ಹೇಳುವುದಿಲ್ಲ. ಹತ್ತು ಜನರ ಕೈ ದಾಟಿದ ಚಾರ್ಟಿನಲ್ಲಿ ಮೋರಿಯನ್ನು ಸರಿಸಿದವರು ಯಾರು, ಯಾವಾಗ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ನಮ್ಮ ಚಾರ್ಟಿನ ಮೊದಲ ನಾಲ್ಕು ಸಾಲುಗಳನ್ನು ಅದಕ್ಕಾಗಿಯೇ ಕಾದಿರಿಸಿದ್ದೆ, ಪ್ರತಿ ಪುಟದಲ್ಲೂ ಅಚ್ಚಾಗುವಂತೆ. ಬದಲಾವಣೆಯಾದ ಚೌಕಕ್ಕೆ ತ್ರಿಕೋನದ ಗುರುತು, ಅದರೊಳಗೆ ತಿದ್ದುಪಡಿಯ ಸಂಖ್ಯೆ.

2019ರ ಆಗಸ್ಟಿನ ಮಳೆ ನೆನಪಿರಬಹುದು. ಬೆಳಗಾವಿ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಹಳ್ಳಗಳು ಉಕ್ಕಿದವು. ನಾನು ಆಗ ಕೆಲಸ ಬಿಟ್ಟಾಗಿತ್ತು. ರಸ್ತೆ ನಿರ್ವಹಣೆಯಲ್ಲಿದ್ದ ಕಿರಿಯ ಎಂಜಿನಿಯರ್ ಒಬ್ಬಳು ಫೋನ್ ಮಾಡಿ, ಹಳೆಯ ಚಾರ್ಟ್ ತೆರೆದಿದ್ದೇನೆ ಸರ್, ಮೋರಿಗಳು ಜಾಗದಲ್ಲಿ ಸಿಗುತ್ತಿಲ್ಲ ಅಂದಳು. ಫೈಲ್ ತರಿಸಿ ನೋಡಿದೆ. ನಡುವೆ ಯಾರೋ ಎಡಗಡೆ ಹೊಸದಾಗಿ ಮೂರು ಕಾಲಂ ಸೇರಿಸಿದ್ದರು. ಯಾರೋ ಅದಕ್ಕೂ ಮುಂಚೆ ಆಕಾರಗಳನ್ನೆಲ್ಲ ಮೂರನೆಯ ಆಯ್ಕೆಗೆ, ಇದ್ದಲ್ಲೇ ಇರುವ ಆಯ್ಕೆಗೆ, ಬದಲಿಸಿದ್ದರು. ಕೆಳಗಿನ ರಸ್ತೆ ಮೂರು ಚೌಕ ಬಲಕ್ಕೆ ಸರಿದಿತ್ತು, ಮೋರಿಗಳು ಸರಿದಿರಲಿಲ್ಲ. ಅಲ್ಲಿಗೆ ಪ್ರತಿ ಮೋರಿಯೂ ಮುನ್ನೂರು ಮೀಟರ್ ಹಿಂದೆ. ಮಳೆಯಲ್ಲಿ, ಪೊದೆ ಬೆಳೆದ ಏರಿಯ ಬದಿಯಲ್ಲಿ, ಹೂಳು ತುಂಬಿದ ಪೈಪಿನ ಬಾಯಿ ಹುಡುಕುವವರಿಗೆ ಮುನ್ನೂರು ಮೀಟರ್ ಬಹಳ ದೂರ. ಕೆಳಗಿನ ಒಂದು ಸಾಲಿನಲ್ಲಿ ಮೋರಿಯ ನಂಬರು ಮತ್ತು ಚೈನೇಜನ್ನು ಅಂಕಿಯಾಗಿ ಬರೆದಿಟ್ಟಿದ್ದರಿಂದ ಅವಳು ಅದನ್ನೇ ಹಿಡಿದು ಕೆಲಸ ಮುಂದುವರಿಸಿದಳು.

ಮಳೆ ನಿಂತ ಮೇಲೆ ಅವಳು ಚಾರ್ಟನ್ನು ಬೇರೆ ರೀತಿಯಲ್ಲಿ ಕಟ್ಟಿದಳು. ಪದರಗಳ ಬಣ್ಣಕ್ಕೆ ಈಗ ಆಕಾರವೇ ಇಲ್ಲ. ದಿನದ ಅಂಕಿ ಬಿದ್ದರೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಿಂದ ಚೌಕ ತಾನೇ ಬಣ್ಣ ತಾಳುತ್ತದೆ. ಮೋರಿಗಳಿಗೆ ಒಂದು ಸಣ್ಣ ಮ್ಯಾಕ್ರೊ ಬರೆದಿದ್ದಾಳೆ. ಅದು ಚೈನೇಜಿನ ಅಂಕಿ ಓದಿ, ಆ ಚೌಕದ ಎಡ ಅಂಚನ್ನು ಹಿಡಿದು, ಉಳಿದ ಮೀಟರುಗಳ ಪಾಲಿನಷ್ಟು ಒಳಗೆ ಆಕಾರವನ್ನು ಕೂರಿಸುತ್ತದೆ. ಆಲ್ಟ್ ಹಿಡಿದು ಎಳೆದರೆ ಆಕಾರ ಚೌಕದ ಅಂಚಿಗೆ ಮಾತ್ರ ಕಚ್ಚುತ್ತಿತ್ತು, 12+340ರ ಮೋರಿಯನ್ನು 12+300ಕ್ಕೋ 12+400ಕ್ಕೋ ಒಪ್ಪಿಸಬೇಕಿತ್ತು. ಮ್ಯಾಕ್ರೊ ಅದನ್ನು ಐದರಲ್ಲಿ ಎರಡು ಪಾಲಿಗೆ ಸರಿಯಾಗಿ ನಿಲ್ಲಿಸುತ್ತದೆ. ಮೋರಿ ಸರಿದರೆ ಅವಳು ಅಂಕಿ ತಿದ್ದುತ್ತಾಳೆ, ಆಕಾರಕ್ಕೆ ಕೈ ಹಚ್ಚುವುದಿಲ್ಲ. ಪ್ರಿಂಟ್ ತೆಗೆದಾಗ ಮಾತ್ರ ಆಕಾರಗಳು ಚೌಕದಿಂದ ಕೂದಲೆಳೆಯಷ್ಟು ಜರುಗುವುದು ಇನ್ನೂ ಉಳಿದಿದೆ. ಪರದೆಯ ಅಕ್ಷರದ ಅಳತೆಗೂ ಪ್ರಿಂಟರಿನ ಅಳತೆಗೂ ಇರುವ ವ್ಯತ್ಯಾಸ ಅದು. ಅದಕ್ಕೆ ಅವಳು ಮೊದಲು ಪಿಡಿಎಫ್ ಮಾಡಿ, ಎ3ಗೆ ತೆಗೆದು, ಎರಡು ತುದಿ ಮತ್ತು ನಡುವಿನ ಒಂದು ಮೋರಿಗೆ ಸ್ಕೇಲ್ ಇಟ್ಟು ನೋಡಿ, ಆಮೇಲೆ ‘ಪರಿಶೀಲಿಸಿದವರು’ ಎಂಬಲ್ಲಿ ಸಹಿ ಹಾಕುತ್ತಾಳೆ.